ಐದು ಪದರದ ನವಿಲು

"ಈ ಸಲ ಸೀರಿ ಇಲ್ಲ, ಗೋಡಿ ಗಡಿಯಾರ ಇಲ್ಲ, ಸ್ಟೀಲಿನ ಡಬ್ಬಿ ಇಲ್ಲ! ನನ್ನ ಕೈಯಾರೆ ಮಾಡಿದ ಕಾರ್ಡು, ಅಷ್ಟೇ!"

ಜಗದೇವಿ ಹೀಗೆಂದು ಬಲಗೈಯನ್ನು ಗಂಡನ ಮೂಗಿನವರೆಗೆ ಚಾಚಿದಳು. ಆ ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ದೊಡ್ಡ ದೊಡ್ಡ ಪ್ರತಿಜ್ಞೆಗಳೆಲ್ಲ ಯುದ್ಧಭೂಮಿಯಲ್ಲಿ ಆಗಿವೆಯಂತೆ. ವಾಡಿ ಊರಿನ ಈ ಪ್ರತಿಜ್ಞೆ ಮಾತ್ರ ಒಲೆಯ ಮುಂದೆ, ಎರಡನೆಯ ರೊಟ್ಟಿಗೂ ಮೂರನೆಯ ರೊಟ್ಟಿಗೂ ನಡುವೆ ಆಯಿತು.

ಗಂಡ ಸುರೇಶಕುಮಾರ ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟು. ದಿನಾ ರೈಲಿನಲ್ಲಿ ಹೋಗಿ ಬರುವ ಮನುಷ್ಯ. ಮನೆಯಲ್ಲಿ ಏನೇ ನಡೆದರೂ ಅವನ ಬಾಯಿಂದ ಬರುವುದು ಕೋರ್ಟಿನ ಮಾತೇ.

"ಕಾರ್ಡು ಒಯ್ಯಿ, ನನ್ನದೇನೂ ತಕರಾರಿಲ್ಲ. ಆದ್ರ ಒಂದು ಸೀರಿನೂ ಜೋಡಿ ಇಟ್ಟುಕೊಂಡು ಹೋಗೋಣು. ಜಾಮೀನು ಇದ್ದಂಗ ಇರ್ತದ."

"ಜಾಮೀನು ಕಳ್ಳರಿಗೆ ಬೇಕಾಗ್ತದ. ನಾ ಏನ್ ಕಳವು ಮಾಡೀನೇನ್ರಿ?"

ಸುರೇಶಕುಮಾರ ತಲೆ ತಗ್ಗಿಸಿ ರೊಟ್ಟಿ ಮುರಿದ. ವಾದ ಅಲ್ಲಿಗೆ ಮುಗಿಯಿತು.

ಸಂಗತಿ ಇಷ್ಟು. ಸುರೇಶಕುಮಾರನ ಅಕ್ಕ ಸುಂದರಬಾಯಿ ಸೇಡಂನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಮೂವತ್ನಾಲ್ಕು ವರ್ಷ ಪಾಠ ಹೇಳಿ, ಮೇ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಿದ್ದಳು. ಭಾನುವಾರ ಶಾಲೆಯ ಅಂಗಳದಲ್ಲೇ ಸನ್ಮಾನ. ಬಂಧುಬಳಗವೆಲ್ಲ ಬರುತ್ತದೆ, ಬಂದವರೆಲ್ಲ ಆಯೇರಿ ಮಾಡುತ್ತಾರೆ. ಈ ಕಡೆ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಅದು ಕೊಟ್ಟವರ ಕೈಯಿಂದ ಹೊರಟ ಮೇಲೆ ಎಲ್ಲಿಯೂ ನಿಲ್ಲುವುದಿಲ್ಲ. ಜಗದೇವಿ ಒಮ್ಮೆ ಚಿಂಚೋಳಿಯ ಮದುವೆಯೊಂದಕ್ಕೆ ಗಿಳಿಹಸಿರು ಸೀರೆ ಕೊಟ್ಟಿದ್ದಳು. ಮೂರು ವರ್ಷ ಊರೂರು ಸುತ್ತಿದ ಆ ಸೀರೆ, ಅವಳದೇ ಹೊಸ ಮನೆಯ ವಾಸ್ತುಶಾಂತಿಗೆ ಬಂದು ಅವಳ ಮಡಿಲಲ್ಲೇ ಬಿತ್ತು! ಅದೇ ಮಡಿಕೆ, ಅದೇ ಪೆಟ್ಟಿಗೆ. ಅತ್ತೆ ಹಣಮವ್ವ ಕಣ್ಣು ಕೂಡ ಪಿಳುಕಿಸದೆ ಅದನ್ನು ಅಲಮಾರಿಗೆ ಸೇರಿಸಿ, "ಇರಲಿ ಬಿಡು, ಯಾರಿಗಾರ ಆಗ್ತದ" ಎಂದಿದ್ದಳು.

ಹೇಳಿ, ಇಂಥ ಲೋಕದಲ್ಲಿ ಪ್ರೀತಿಗೆ ಗುರುತು ಎಲ್ಲಿ ಉಳಿಯಬೇಕು? ಹೆಸರು ಕೆತ್ತಿದ ಕಾರ್ಡನ್ನಾದರೆ ಯಾರೂ ಯಾರಿಗೂ ದಾಟಿಸಲಾರರು!

ಇದು ಜಗದೇವಿ ಎಲ್ಲರಿಗೂ ಹೇಳಿದ ಕಾರಣ. ಹೇಳದ ಕಾರಣ ಇನ್ನೊಂದಿತ್ತು. ಮದುವೆಯಾಗಿ ಆರು ವರ್ಷವಾದರೂ ಸುಂದರಬಾಯಿಯ ಬಾಯಿಂದ ಅವಳ ಯಾವ ಕೆಲಸಕ್ಕೂ "ಛಲೋ ಮಾಡೀದಿ" ಎಂಬ ಎರಡು ಮಾತು ಬಿದ್ದಿರಲಿಲ್ಲ. ಬಂದಾಗಲೆಲ್ಲ ಆಕೆ ಜಗದೇವಿಯ ಕೆಲಸವನ್ನು ಕಾಪಿಪುಸ್ತಕ ತಿದ್ದಿದಂತೆ ನೋಡುತ್ತಿದ್ದಳು. ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ಅಂಚು ದಪ್ಪ ಆಗ್ಯಾವ." ಕಿಟಕಿಯ ಪರದೆ ಮುಟ್ಟಿ, "ಹೊಲಿಗಿ ಸೊಟ್ಟ ಹೋಗ್ಯದ." ರಂಗೋಲಿ ದಾಟಿ ಒಳಗೆ ಬಂದು, "ಒಂದು ಚುಕ್ಕಿ ಬಿಟ್ಟೀ." ಶಾಲೆಯ ಮಕ್ಕಳಿಗೆಲ್ಲ ಹಂಚಿದ ಶಹಬಾಸ್‌ಗಿರಿಯಲ್ಲಿ ತಮ್ಮನ ಹೆಂಡತಿಗೆ ಒಂದು ಚಿಟಿಕೆ ಉಳಿದಿರಲಿಲ್ಲವೇ? ಆ ಭಾನುವಾರ, ನೂರು ಜನರ ಮುಂದೆ, ಆ ಎರಡು ಮಾತು ಹೇಳಿಸಿಯೇ ಬಿಡುವುದೆಂದು ಜಗದೇವಿ ಪಣ ತೊಟ್ಟಿದ್ದಳು.

ಅವಳ ಧೈರ್ಯಕ್ಕೆ ಆಧಾರ ಫೋನಿನಲ್ಲಿ ನೋಡಿದ ಒಂದು ವಿಡಿಯೊ. ಅದರಲ್ಲಿ ಮುಖವಿಲ್ಲ, ಎರಡು ಬೆಳ್ಳನೆಯ ಕೈಗಳು ಮಾತ್ರ. ಆ ಕೈಗಳು ದಪ್ಪ ರಟ್ಟಿನ ಹೂವು, ಎಲೆ, ಹಕ್ಕಿಗಳನ್ನು ಒಂದರ ಮೇಲೊಂದು ಅಂಟಿಸುತ್ತವೆ. ಕಾಗದದಿಂದ ಹೂವು ಎದ್ದು ನಿಲ್ಲುತ್ತದೆ, ಹಕ್ಕಿ ಇನ್ನೇನು ಹಾರಬೇಕು! ಹತ್ತು ನಿಮಿಷದಲ್ಲಿ ಕಾರ್ಡು ತಯಾರು. ಜಗದೇವಿಗೆ ಐದು ದಿನವಿತ್ತು. ಮೇಲಾಗಿ ಅವಳು ಕಾಲೇಜಿನ ಚಿತ್ರಕಲಾ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಗೆದ್ದವಳು. ಸ್ಪರ್ಧೆಗೆ ನಿಂತವರು ಇಬ್ಬರೇ ಎಂಬುದನ್ನು ಈಗ ಯಾಕೆ ಎತ್ತಬೇಕು?

ಬಜಾರಿನಲ್ಲಿ ಸೊಹೇಲ್‌ನ ಪುಸ್ತಕದಂಗಡಿಗೆ ಹೋಗಿ, "ಕಾರ್ಡಿಗೆ ಹಚ್ಚೋ ರಟ್ಟಿನ ಹೂವು, ಹಕ್ಕಿ ಅದಾವೇನು?" ಎಂದು ಕೇಳಿದಳು.

ಸೊಹೇಲ್ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದ. "ಅಕ್ಕಾ, ರಟ್ಟು ಅದ. ಹೂವು ನೀವೇ ಕತ್ತರಿಸ್ಕೋಬೇಕು. ಹಕ್ಕಿನೂ ನೀವೇ."

"ಎಂಥಾ ರಟ್ಟು?"

"ರಜಿಸ್ಟರಿಗೆ ಬೈಂಡಿಂಗ್ ಹಾಕೋದು. ಪಕ್ಕಾ ಮಾಲು. ಎಮ್ಮಿ ತುಳಿದ್ರೂ ಏನೂ ಆಗಂಗಿಲ್ಲ."

ಎಮ್ಮೆ ತುಳಿದರೂ ಏನೂ ಆಗದ ರಟ್ಟಿಗೆ ಕತ್ತರಿಯಿಂದ ಏನಾದೀತು? ಮೊದಲ ದಿನವೇ ಕತ್ತರಿಯ ತಿರುಪು ಸಡಿಲವಾಯಿತು. ಎರಡನೆಯ ದಿನ ಈಳಿಗೆಮಣೆ ಬಂತು. ಬೆರಳುಗಳಲ್ಲಿ ಬೊಬ್ಬೆ ಎದ್ದವು. ಬದನೆಕಾಯಿ ಹೆಚ್ಚಲು ಈಳಿಗೆ ಇಲ್ಲದೆ ಹಣಮವ್ವ ಇಡೀ ಬದನೆಕಾಯಿಯನ್ನೇ ಪಲ್ಯ ಮಾಡಿದಳು. ಜಗದೇವಿ ಮಾಡಹೊರಟಿದ್ದು ನವಿಲು. ಬಾಲಕ್ಕೆ ಐದು ಪದರ, ಒಂದಕ್ಕಿಂತ ಒಂದು ಚಿಕ್ಕದು. ಐದನೆಯ ಪದರದ ಮೇಲೆ ನೀಲಿ ಕಣ್ಣುಗಳು. ಕಲ್ಪನೆಯಲ್ಲಿ ಅದು ಮೋಡ ನೋಡಿ ಗರಿ ಬಿಚ್ಚಿದ ನವಿಲು. ರಟ್ಟಿನಲ್ಲಿ ಮಾತ್ರ ಅದಕ್ಕೆ ಮೊದಲು ಕಾಲು ಮುರಿಯಿತು, ಆಮೇಲೆ ಕತ್ತು.

"ಕೋಳಿ ಭಾಳ ಛಂದ ಬಂದದ" ಎಂದ ಸುರೇಶಕುಮಾರ, ಸಂಜೆ ಬಂದವನೇ.

"ನವಿಲ್ರಿ ಅದು!"

"ಸಾಕ್ಷಿ ಏನದ?"

"ಬಾಲ ಕಾಣಂಗಿಲ್ಲೇನು? ಐದು ಪದರ ಅವ!"

"ಹಂಗಿದ್ರ ಸರಿ. ಸಂಶಯದ ಲಾಭ ನವಿಲಿಗೆ."

ನವಿಲಾದರೂ ಹೇಗೋ ಒಲಿಯಿತು. ಅಕ್ಷರಗಳು ಒಲಿಯಲಿಲ್ಲ. ವಿಡಿಯೊದ ಆ ಬೆಳ್ಳನೆಯ ಕೈಗಳಿಗೇನು, ಇಂಗ್ಲಿಷಿನ ನೆಟ್ಟನೆಯ ಗೆರೆಗಳು, ಬೇಲಿಗೂಟ ಕಡಿದಂತೆ ಕಡಿಯಬಹುದು! 'ನಿವೃತ್ತಿ' ಎಂದು ರಟ್ಟಿನಲ್ಲಿ ಕೆತ್ತಿ ನೋಡಲಿ, ಕೈಗಳ ಬಣ್ಣ ಬದಲಾಗುತ್ತದೆ. ನಮ್ಮ ಒಂದೊಂದು ಅಕ್ಷರಕ್ಕೂ ತಲೆಯ ಮೇಲೊಂದು ಸುರುಳಿ, ಕಾಲಡಿಗೊಂದು ಬಾಲ. ಒತ್ತಕ್ಷರವಂತೂ ಅವರೆಕಾಳಿನಷ್ಟು ಚಿಕ್ಕದು. ಒಂದು ಇಡೀ ಮಧ್ಯಾಹ್ನ ಕೂತು ಕೆತ್ತಿದ ಆ ಒತ್ತು, ಫ್ಯಾನು ಹಾಕಿದ್ದೇ ತಡ, ಹಾರಿ ಮಾಯವಾಯಿತು. ಜಗದೇವಿ ಮಂಚದ ಕೆಳಗೆ ತೆವಳಿದಳು, ಟ್ರಂಕು ಸರಿಸಿದಳು, ಕಸಬರಿಗೆ ಝಾಡಿಸಿದಳು. ಕೊನೆಗೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಹಣಮವ್ವ ಎರಡು ಬೆರಳಿನಲ್ಲಿ ಏನನ್ನೋ ಎತ್ತಿ ಹಿಡಿದಳು.

"ನೋಡವ್ವಾ, ಈ ಸಲದ ಬ್ಯಾಳಿಯೊಳಗ ಎಂಥಾ ಹುಳ ಬಿದ್ದದ!"

"ಅತ್ತೀ, ಒಗೀಬ್ಯಾಡ್ರಿ! ಅದು ಹುಳ ಅಲ್ಲ, ತಕಾರ!"

"ತಕಾರ ಅಂದ್ರೂ ಹುಳನ" ಎಂದಳು ಹಣಮವ್ವ. "ಬ್ಯಾಳಿಯೊಳಗ ಬಂದದ್ದೆಲ್ಲಾ ಹುಳನ."

ಅಂಟು ಹಚ್ಚಿ, ಪದರದ ಮೇಲೆ ಪದರ ಕೂರಿಸಿ, ಕಾರ್ಡನ್ನು ಬಿಸಿಲಿಗಿಟ್ಟಳು. ವಾಡಿಯ ಮೇ ತಿಂಗಳ ಬಿಸಿಲು! ಒಂದು ತಾಸಿನಲ್ಲಿ ನಾಲ್ಕೂ ಮೂಲೆಗಳು ಮೇಲೆದ್ದು ಕಾರ್ಡು ಖಡಕ್ ರೊಟ್ಟಿಯಂತೆ ಬೋಗುಣಿಯಾಯಿತು. ಗಾಳಿಯ ಧೂಳು ಹಸಿ ಅಂಟಿನ ಮೇಲೆ ಕೂತು ನವಿಲು ನೀರೆಮ್ಮೆಯ ಬಣ್ಣಕ್ಕೆ ತಿರುಗಿತು. ಧೂಳನ್ನು ಊದಿದಳು, ಹೋಗಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದಳು, ಬಣ್ಣ ಹೋಯಿತು, ಧೂಳು ಹೋಗಲಿಲ್ಲ!

ಮತ್ತೆ ಬಣ್ಣ ಹಚ್ಚಿ, ಬೋಗುಣಿಯನ್ನು ಚಪ್ಪಟೆ ಮಾಡುವ ಉಪಾಯ ಹುಡುಕಿದಳು. ಇಲ್ಲಿಯ ಜನಕ್ಕೆ ಚಪ್ಪಟೆ ಎಂದೊಡನೆ ಹೊಳೆಯುವುದು ಒಂದೇ, ಶಹಾಬಾದ ಕಲ್ಲು. ಅಡುಗೆಮನೆಗೆ ಹಾಸಿ ಉಳಿದ ಎರಡು ಫರಸಿ ಚಪ್ಪಡಿಗಳು ಹಿತ್ತಲಲ್ಲಿ ಬಿದ್ದಿದ್ದವು. ಒಂದರ ಮೇಲೆ ಕಾರ್ಡಿಟ್ಟು, ಇನ್ನೊಂದನ್ನು ಗಂಡನ ಕೈಯಿಂದ ಎತ್ತಿಸಿ ಹೇರಿದಳು. ಮರುದಿನ ಮೇಲಿನ ಕಲ್ಲು ಎದ್ದಿತು. ಕಾರ್ಡು ಏಳಲಿಲ್ಲ. ಹಿಂಡಿ ಹೊರಬಂದ ಅಂಟು ಅದನ್ನು ಕೆಳಗಿನ ಕಲ್ಲಿಗೆ ಹಿಡಿದು ನಿಲ್ಲಿಸಿತ್ತು. ದೋಸೆಯ ಸಟ್ಟುಗದಿಂದ ಎಬ್ಬಿಸಿದರೆ, ಕಾರ್ಡಿನ ಬೆನ್ನು ಕಲ್ಲಿನಲ್ಲೇ ಉಳಿಯಿತು.

"ಕಲ್ಲಿನ ಸಮೇತ ಒಯ್ಯೋಣೇನು?" ಎಂದು ಸುರೇಶಕುಮಾರ ಮೆಲ್ಲಗೆ ಕೇಳಿದ. "ಸ್ಥಿರಾಸ್ತಿ ಆಗ್ತದ."

ಜಗದೇವಿ ಸಿಟ್ಟಿನಲ್ಲಿ ಬೆನ್ನಿಗೆ ಒಂದು ಹೊಸ ರಟ್ಟು ಅಂಟಿಸಿದಳು. ಅದು ಡೊಂಕಾಯಿತೆಂದು ಇನ್ನೊಂದು. ಆ ಎರಡರ ಭಾರಕ್ಕೆ ಮುಂಭಾಗ ಸೋತಿತೆಂದು ನಡುವೆ ಮತ್ತೊಂದು. ಶನಿವಾರ ಸಂಜೆಗೆ ಕಾರ್ಡು ಮೂರು ಬೆರಳು ದಪ್ಪವಾಗಿತ್ತು. ಕಾರ್ಡೆಂದರೆ ಪುಸ್ತಕದಂತೆ ತೆರೆಯಬೇಕಲ್ಲ? ಇದು ತೆರೆಯುತ್ತಿರಲಿಲ್ಲ. ತೆರೆಯುವ ಭಾಗಕ್ಕೂ ಅಂಟು ಇಳಿದು, ಅದು ಒಂದೇ ಗಟ್ಟಿ ಇಟ್ಟಿಗೆಯಾಗಿತ್ತು.

ಆದರೂ, ಖರೇ ಹೇಳಬೇಕೆಂದರೆ, ಅದು ಚೆಂದವಿತ್ತು. ಸಂಜೆಯ ಬೆಳಕಿನಲ್ಲಿ ಗೋಡೆಗೆ ಒರಗಿಸಿ ದೂರ ನಿಂತು ನೋಡಿದಾಗ, ಐದು ಪದರದ ಬಾಲ ಗೋಡೆಯ ಮೇಲೆ ಐದು ನೆರಳು ಚೆಲ್ಲಿತು. ಹೆಸರಿನ ಅಕ್ಷರಗಳು ಗುಂಡಗೆ, ತುಂಬಿದ ತೆನೆಯ ಕಾಳಿನಂತೆ ಕೂತಿದ್ದವು. ಬೊಬ್ಬೆ ಒಡೆದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗದೇವಿ ಅದನ್ನೇ ನೋಡಿದಳು. ಸುರೇಶಕುಮಾರ ಕೂಡ ನೋಡಿದ. ಈ ಸಲ ಕೋಳಿ ಎನ್ನಲಿಲ್ಲ.

ಭಾನುವಾರ ಸೇಡಂನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸುಂದರಬಾಯಿ ಅಲಂಕಾರದ ಕುರ್ಚಿಯಲ್ಲಿ ಕೂತಿದ್ದಳು. ನಲವತ್ತು ಡಿಗ್ರಿ ಸೆಕೆಯಲ್ಲಿ ಅವಳ ಮೈಮೇಲೆ ಆಗಲೇ ಆರು ಶಾಲುಗಳು! ಸನ್ಮಾನಕ್ಕೂ ಶಿಕ್ಷೆಗೂ ನಡುವಣ ಗೆರೆ ಎಷ್ಟು ತೆಳುವೆಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಪಕ್ಕದಲ್ಲಿ ಅದೇ ಶಾಲೆಯ ವಿಠೋಬಾ ಮಾಸ್ತರರು ಮೈಕು ಹಿಡಿದು ಒಂದೊಂದೇ ಆಯೇರಿಯನ್ನು ಕೂಗುತ್ತಿದ್ದರು.

"ತೆಂಗಳಿಯ ಬೀಗರಿಂದ ಒಂದು ಗೋಡೆ ಗಡಿಯಾರ! ಶಾಲೆಯ ಸಿಬ್ಬಂದಿಯಿಂದ ಇನ್ನೊಂದು ಗೋಡೆ ಗಡಿಯಾರ!"

ಜಗದೇವಿಯ ಸರದಿ ಬಂತು. ಎರಡೂ ಕೈಯಲ್ಲಿ ಕಾರ್ಡು ಎತ್ತಿಕೊಂಡು ವೇದಿಕೆ ಹತ್ತಿದಳು. ವಿಠೋಬಾ ಮಾಸ್ತರರು ಅದನ್ನು ಇಸಿದುಕೊಂಡರು. ಭಾರಕ್ಕೆ ಅವರ ಕೈ ಒಮ್ಮೆ ಕೆಳಗೆ ಜಗ್ಗಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೆರಳಿನಿಂದ ಟಕಟಕ ಬಡಿದರು.

"ವಾಡಿಯ ಸುರೇಶಕುಮಾರ ದಂಪತಿಗಳಿಂದ..." ಒಂದು ಕ್ಷಣ ತಡೆದರು. "ಒಂದು ಭಾರೀ ಆಯೇರಿ! ಒಳಗೆ ಏನಿದೆಯೋ ದೇವರೇ ಬಲ್ಲ!"

ಜನ ನಕ್ಕರು. ಮುಂದಿನ ಸಾಲಿನ ಹೆಂಗಸೊಬ್ಬಳು ಕೂಗಿದಳು, "ಒಡದು ತೋರಸ್ರಿ ಮಾಸ್ತರ!"

"ಅದು ಕಾರ್ಡ್ ರಿ!" ಎಂದಳು ಜಗದೇವಿ.

"ಹೌದ್ರಿ ಬಾಯಿ, ಕಾರ್ಡು ಮ್ಯಾಲೇ ಕಾಣಾಕತ್ತದ" ಎಂದರು ಮಾಸ್ತರರು ಸಮಾಧಾನದಿಂದ. "ಸಾಮಾನ ಒಳಗದ ಅಲ್ಲಾ, ಅದನ್ನ ತೆಗಿಯೋಣು."

"ಒಳಗ ಏನೂ ಇಲ್ಲ..."

"ದೊಡ್ಡವರು ಹಂಗೇ ಅಂತಾರ! ಕೊಡೋವಾಗ 'ಏನೂ ಇಲ್ಲ' ಅನ್ನೋದು ನಮ್ಮ ಮಂದಿ ಸಂಸ್ಕಾರ!" ಎಂದು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು.

ಇದೇನು ಅನ್ಯಾಯ! ಸತ್ಯವನ್ನು ಬಿಡಿಸಿ ಹೇಳಿದರೂ ಅದು ವಿನಯವಾಗಿಬಿಡುವುದೇ! ಜಗದೇವಿ ಗಂಡನತ್ತ ನೋಡಿದಳು. ಸುರೇಶಕುಮಾರ ಶಾಮಿಯಾನದ ಕಂಬವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

ಕೇಕು ಕೊಯ್ಯಲು ತಂದ ಚಾಕು ಬಂತು. ಮಾಸ್ತರರು ನವಿಲಿನ ಬಾಲದಡಿ ಅದರ ತುದಿ ತೂರಿಸಿ ಎತ್ತಿದರು. ಚಾಕು ಬಾಗಿತು. ಮತ್ತಿಬ್ಬರು ಶಿಕ್ಷಕರು ಕೈ ಹಚ್ಚಿದರು. ಒಬ್ಬ ಹಿಡಿದ, ಒಬ್ಬ ಎಳೆದ, ಮಾಸ್ತರರು ಮೀಟಿದರು. ನೀಲಿ ಕಣ್ಣುಗಳ ಐದನೆಯ ಪದರ 'ಚರ್' ಎಂದು ಬಿಟ್ಟುಬಂತು.

"ಅಬ್ಬಾ, ಒಳಗ ಇನ್ನೊಂದು ಅದ!" ಮುಂದಿನ ಸಾಲು ಎದ್ದು ನಿಂತಿತು.

ನಾಲ್ಕನೆಯದು ಹೋಯಿತು. "ಮತ್ತೊಂದು ಅದರೀ!" ಮೂರನೆಯದು ಹೋಯಿತು. ಪದರ ಕಳಚಿದಷ್ಟೂ ಜನರ ಆಸೆ ಏರಿತು. ಇಷ್ಟು ಭದ್ರ ಮಾಡಬೇಕೆಂದರೆ ಸುಮ್ಮನೆಯೇ? ಹಿಂದಿನ ಸಾಲಿನಲ್ಲಿ "ಬೆಳ್ಳಿ" ಎಂದು ಹೊರಟ ಮಾತು ವೇದಿಕೆಗೆ ಬಂದು ಮುಟ್ಟುವಷ್ಟರಲ್ಲಿ "ಬಂಗಾರ" ಆಗಿತ್ತು. ಸುಂದರಬಾಯಿ ಕೂಡ ಶಾಲುಗಳೊಳಗಿಂದ ಕತ್ತು ಚಾಚಿದಳು. ನವಿಲು ಹೋಯಿತು. ಹೆಸರಿನ ಅಕ್ಷರಗಳು ಒಂದೊಂದಾಗಿ ನೆಲಕ್ಕುದುರಿದವು. ಐದು ದಿನದ ಬೆರಳುಗಳ ಉರಿ ಜಗದೇವಿಯ ಕಣ್ಣಿಗೆ ಬಂತು. ಆದರೆ ನೂರು ಜನರ ಮುಂದೆ ಅಳುವುದಾದರೂ ಹೇಗೆ? ಹಲ್ಲು ಕಚ್ಚಿ ನಿಂತಳು. ಬೆನ್ನಿನ ರಟ್ಟು ಬಿತ್ತು, ನಡುವಿನ ರಟ್ಟು ಬಿತ್ತು. ಕೊನೆಯ ರಟ್ಟನ್ನು ಮಾಸ್ತರರು ತಿರುಗಿಸಿ, ಮತ್ತೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

ಏನೂ ಇರಲಿಲ್ಲ.

ಮೈಕು ಕುಂಯ್ ಎಂದಿತು. ಮುಂದೆ ಕೂತಿದ್ದ ಹಣಮವ್ವ ಮುಖದ ಮೇಲೆ ಸೆರಗೆಳೆದುಕೊಂಡಳು.

ಸುಂದರಬಾಯಿ ಎದ್ದಳು. ರಟ್ಟಿನ ತುಣುಕುಗಳನ್ನು ನೋಡಿದಳು, ಚಾಕುವನ್ನು ನೋಡಿದಳು, ಬೆವರು ಒರೆಸಿಕೊಳ್ಳುತ್ತಿದ್ದ ಮೂವರು ಗಂಡಸರನ್ನು ನೋಡಿದಳು. ಬಳಿಕ ತಮ್ಮನ ಹೆಂಡತಿಯ ಮುಖ ನೋಡಿದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಿನಲ್ಲಿ ಕರುಣೆ ಮೂಡಿತು. ಮೈಕು ಇಸಿದುಕೊಂಡಳು.

"ಪಾಪ, ಕೂಸು! ಪ್ಯಾಕಿಂಗ್ ಮಾಡೋ ಗಡಿಬಿಡಿಯೊಳಗ ಸಾಮಾನ ಇಡೋದೇ ಮರತಾಳ!"

ಶಾಮಿಯಾನ ಹೊಟ್ಟೆ ಹಿಡಿದು ನಕ್ಕಿತು. ಅದರಲ್ಲಿ ಕೊಂಕಿರಲಿಲ್ಲ. ಮನೆಯ ಮಗುವೊಂದು ಎಡವಿದಾಗ ನಗುವ ನಗೆ ಅದು.

"ನಗಬ್ಯಾಡ್ರಿ!" ಸುಂದರಬಾಯಿ ತರಗತಿಯ ಧ್ವನಿಯಲ್ಲಿ ಗದರಿದಳು. "ಮೂವತ್ನಾಲ್ಕು ವರ್ಷ ನಾನೂ ಆಯೇರಿ ಇಸಕೊಂಡೀನಿ, ಕೊಟ್ಟೀನಿ. ಮೂರು ಮಂದಿ ಗಂಡಸರು ಚಾಕು ತಗೊಂಡು ನಿಂತ್ರೂ ಬಿಚ್ಚಲಾರದಂಥಾ ಪ್ಯಾಕಿಂಗು ಎಲ್ಲೆರ ನೋಡೀರೇನು? ಜಗದೇವಿ, ಛಲೋ ಮಾಡೀದಿ! ಭಾಳ ಛಲೋ ಮಾಡೀದಿ!"

ಅದೇ ಮಾತು! ಅದೇ ಬಾಯಿ, ಅದೂ ಎರಡು ಸಲ, ಅದೂ ಮೈಕಿನಲ್ಲಿ! ಚಪ್ಪಾಳೆ ಶಾಮಿಯಾನದ ಬಟ್ಟೆಯನ್ನು ನಡುಗಿಸಿತು. ಜಗದೇವಿಯ ನಾಲಿಗೆಯ ತುದಿಯಲ್ಲಿ "ಅಕ್ಕಾ, ಅದೇ ಆಯೇರಿ" ಎಂಬ ಮಾತು ಬಂದು ನಿಂತಿತ್ತು. ಹೇಳಿದರೆ ಸತ್ಯ ಉಳಿಯುತ್ತದೆ, ಶಹಬಾಸ್‌ಗಿರಿ ಹೋಗುತ್ತದೆ. ಆರು ವರ್ಷ ಕಾದು ಪಡೆದದ್ದನ್ನು ಅರ್ಧ ನಿಮಿಷದಲ್ಲಿ ಹಿಂದಿರುಗಿಸುವುದೇ? ಅವಳು ಉಗುಳು ನುಂಗಿದಳು. ಅದರ ಜೊತೆಗೆ ಸತ್ಯವನ್ನೂ ನುಂಗಿದಳು.

"ಹೂಂ ಅಕ್ಕಾ. ಮರತೇನಿ."

ವೇದಿಕೆ ಇಳಿದಾಗ ಸುರೇಶಕುಮಾರ ಕಿವಿಯ ಹತ್ತಿರ ಬಾಗಿದ. "ನೂರು ಮಂದಿ ಮುಂದ ತಪ್ಪೊಪ್ಪಿಗಿ ಕೊಟ್ಟಿ. ಇನ್ನ ಅಪೀಲಿಗೂ ಜಾಗ ಇಲ್ಲ."

ಮರುದಿನ ಬೆಳಗ್ಗೆ ಸುಂದರಬಾಯಿಯ ಫೋನು ಬಂತು. ಜಗದೇವಿ ಎದ್ದು ನಿಂತೇ ಹಲೋ ಎಂದಳು.

"ಜಗದೇವಿ, ಮರತ ಸಾಮಾನ ಗಡಿಬಿಡಿ ಮಾಡಿ ಕಳಸಬ್ಯಾಡವಾ. ಒಳಗ ಏನಿಟ್ಟೀ ಏನ್ ಬಿಟ್ಟೀ, ನನಗ ಎಲ್ಲಾ ನಡೀತದ. ಆದ್ರ ಮ್ಯಾಲಿನ ಪ್ಯಾಕಿಂಗ್ ಮಾತ್ರ ಹಂಗೇ ಇರಬೇಕು. ಐದು ಪದರ, ನವಿಲು, ನನ್ನ ಹೆಸರು, ಎಲ್ಲಾ."

"ಅಕ್ಕಾ... ಅಷ್ಟು ಹಿಡಿಸ್ತೇನು?" ಜಗದೇವಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಿಡಸದ ಏನು! ಓಣ್ಯಾಗಿನ ಹೆಣ್ಮಕ್ಕಳಿಗೆಲ್ಲಾ ಹೇಳಿ ಬಂದೀನಿ" ಎಂದಳು ಸುಂದರಬಾಯಿ ಉಲ್ಲಾಸದಿಂದ. "ನಿನ್ನೆ ಬರೀ ಗಂಡಸರೇ ಹರದ್ರು. ಈ ಸಲ ನಾವೆಲ್ಲಾ ಕೂಡಿ ಹರೀತೀವಿ!"